‘ಸರ್ವರ್ ಇಲ್ಲ’ ಎಂದರೇನು? ಅಪ್‌ಡೇಟ್ ಆದ ಮೇಲೆ ಯಂತ್ರಗಳು ದಾರಿ ತಪ್ಪುವ ಬಗೆ



ಪಹಣಿ ತೆಗೆಸಲು ಹೋದಾಗ, ಬೆಳೆ ವಿಮೆಯ ಕಂತು ಕಟ್ಟಲು ಹೋದಾಗ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದಾಗ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳದವರು ನಮ್ಮ ಬ್ಲಾಕಿನ ಹಳ್ಳಿಗಳಲ್ಲಿ ವಿರಳ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾಸು ಕೊಟ್ಟು ಹೋದವರಿಗೆ ಈ ಮಾತು ಎಷ್ಟು ಕಹಿಯೆಂಬುದು ನಮಗೆ ತಿಳಿದದ್ದೇ. ಕಳೆದ ಗ್ರಾಮಸಭೆಯಲ್ಲಿ ಹಿರಿಯ ರೈತರೊಬ್ಬರು ಎದ್ದು, “ಏನ್ ಸ್ವಾಮಿ, ಆ ಸರ್ವರ್ ಅನ್ನೋದು ಎಲ್ಲಿಗೆ ಹೋಗ್ತದೆ? ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಎಲ್ಲಿ ಮಾಯ ಆಗ್ತದೆ?” ಎಂದು ಕೇಳಿದರು. ಸಭೆಯಲ್ಲಿ ನಗು ಎದ್ದಿತು. ಆದರೆ ಪ್ರಶ್ನೆ ನಗತಕ್ಕದ್ದಲ್ಲ, ಬಹಳ ಸರಿಯಾದದ್ದು. ಅದಕ್ಕೆ ಉತ್ತರವಾಗಿ ಈ ಪಾಠ.

ಮೊದಲು ಒಂದು ಮಾತು. ಸರ್ವರ್ ನಿಂತಿತು ಎಂದಾಗ ಯಂತ್ರವೇ ಕೆಟ್ಟಿದೆ ಎಂದು ನಾವು ತಿಳಿಯುತ್ತೇವೆ. ಹಲವು ಸಲ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಅದು ಓಡುತ್ತಲೇ ಇರುತ್ತದೆ, ಅದರೊಳಗಿನ ಲೆಕ್ಕಪತ್ರವೂ ಕ್ಷೇಮವಾಗಿರುತ್ತದೆ. ಅದಕ್ಕೂ ನಮಗೂ ನಡುವಣ ದಾರಿ ಮಾತ್ರ ಮುಚ್ಚಿರುತ್ತದೆ. ಕೆರೆ ತುಂಬಿದೆ, ಪೈರು ನಿಂತಿದೆ, ಕಾಲುವೆಯಲ್ಲಿ ನೀರಿಲ್ಲ. ಇದು ಅಂಥ ಸ್ಥಿತಿ. ಹೀಗಾಗುವುದಕ್ಕೆ ಕಾರಣಗಳು ಅನೇಕ ಉಂಟು. ಅವುಗಳಲ್ಲಿ ಯಂತ್ರಕ್ಕೆ ತಿದ್ದುಪಡಿ ಹಾಕಿದ ಗಳಿಗೆಯಲ್ಲೇ ಸಂಪರ್ಕ ಕಡಿಯುವುದು ಒಂದು. ಕೇಳುವುದಕ್ಕೆ ವಿಚಿತ್ರವಾಗಿದ್ದರೂ ದೊಡ್ಡ ದೊಡ್ಡ ಕಂಪನಿಗಳಿಗೇ ಹೀಗೆ ಆದದ್ದುಂಟು.

ಬಾಡಿಗೆಯ ಯಂತ್ರಗಳು

ಸರ್ವರ್ ಎಂದರೆ ಹಗಲೂ ರಾತ್ರಿ ಓಡುವ, ಬೇರೆಯವರು ಕೇಳಿದ್ದನ್ನು ಹುಡುಕಿ ಕೊಡುವ ಕಂಪ್ಯೂಟರು. ಹಿಂದೆ ಪ್ರತಿ ಸಂಸ್ಥೆಯೂ ತನ್ನ ಸರ್ವರನ್ನು ತಾನೇ ಕೊಂಡು, ತನ್ನದೇ ಕೋಣೆಯಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಈಗ ಬಹು ಮಂದಿ ಹಾಗೆ ಮಾಡುವುದಿಲ್ಲ. ಟ್ರ್ಯಾಕ್ಟರು ಇಲ್ಲದವರು ಕೃಷಿ ಯಂತ್ರಧಾರೆ ಕೇಂದ್ರದಿಂದ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರುವಂತೆ, ದೊಡ್ಡ ಕಂಪನಿಗಳು ನಡೆಸುವ ಕೇಂದ್ರಗಳಿಂದ ಸರ್ವರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಾರೆ. ಇದಕ್ಕೆ ‘ಕ್ಲೌಡ್’, ಅಂದರೆ ಮೋಡ, ಎಂಬ ಹೆಸರು. ಹೆಸರು ಕೇಳಿ ಅದು ಆಕಾಶದಲ್ಲಿದೆ ಎಂದು ಭಾವಿಸಬಾರದು. ನೆಲದ ಮೇಲಿನ ದೊಡ್ಡ ಕಟ್ಟಡದಲ್ಲಿ, ತಂಪು ಗಾಳಿಯ ನಡುವೆ, ಸಾಲು ಸಾಲಾಗಿ ನಿಂತ ಯಂತ್ರಗಳೇ ಅವು. ಒಂದು ದೊಡ್ಡ ಹೊಲಕ್ಕೆ ಬದು ಹಾಕಿ ನಾಲ್ಕಾರು ಜನರಿಗೆ ಗುತ್ತಿಗೆ ಕೊಡುವಂತೆ, ಅಲ್ಲಿನ ಒಂದೊಂದು ಯಂತ್ರವನ್ನೂ ಒಳಗೊಳಗೇ ಪಾಲು ಮಾಡಿ ಹಲವರಿಗೆ ಬಾಡಿಗೆಗೆ ಕೊಡುತ್ತಾರೆ.

ಈ ಬಾಡಿಗೆಯ ಸರ್ವರಿಗೆ ಬಳಸುವವನ ಎದುರಿನಲ್ಲಿ ಪರದೆಯಿಲ್ಲ, ಕೀಲಿಮಣೆಯಿಲ್ಲ. ನೂರಾರು ಮೈಲಿ ದೂರದಿಂದ ನೆಟ್‌ವರ್ಕಿನ ಮೂಲಕವೇ ಅದರೊಳಗೆ ಹೋಗಿ ಕೆಲಸ ಮಾಡಬೇಕು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಪ್ರತಿ ಕಂಪ್ಯೂಟರಿನಲ್ಲೂ ಎಲ್ಲ ಕೆಲಸಗಳ ಮೇಲ್ವಿಚಾರಣೆ ನೋಡುವ ಒಂದು ಮೂಲ ವ್ಯವಸ್ಥೆ ಇರುತ್ತದೆ. ಅದೇ ಆಪರೇಟಿಂಗ್ ಸಿಸ್ಟಂ. ಪಂಚಾಯಿತಿ ಕಚೇರಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಇರುವುದನ್ನು ನೀವು ನೋಡಿರಬಹುದು. ಕ್ಲೌಡಿನ ಸರ್ವರುಗಳಲ್ಲಿ ಲಿನಕ್ಸ್ ಎಂಬುದೇ ಹೆಚ್ಚು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಎಂಬುವರು ಅದನ್ನು ಆರಂಭಿಸಿದರು. ಅದರ ತಳಿಗಳು ಹತ್ತಾರು ಇವೆ. ಉಬುಂಟು ಎಂಬುದು ಬಹಳ ಬಳಕೆಯಲ್ಲಿರುವ ಒಂದು ತಳಿ. ರಾಗಿಯಲ್ಲಿ ನಾವು ಇಂಡಾಫ್, ಎಂ.ಆರ್. ಎಂದು ಗುರುತಿಸುವ ಹಾಗೆ ಇದಕ್ಕೂ ಅಂಕೆಯ ಹೆಸರುಗಳು. ಉಬುಂಟು 22.04 ಎಂದರೆ 2022ನೇ ಇಸವಿಯ 4ನೇ ತಿಂಗಳಲ್ಲಿ ಬಂದದ್ದು ಎಂದರ್ಥ.

ಅಪ್‌ಡೇಟ್ ಏಕೆ ಬೇಕು?

“ಹಾಗಾದರೆ ತಿದ್ದುಪಡಿ ಹಾಕದೇ ಇದ್ದರಾಯಿತು” ಎಂದು ಕೆಲವರು ಹೇಳಬಹುದು. ಹಾಗೆ ಬಿಡಕೂಡದು. ಆಪರೇಟಿಂಗ್ ಸಿಸ್ಟಮಿನಲ್ಲಿ ಆಗಾಗ್ಗೆ ತೂತುಗಳು ಪತ್ತೆಯಾಗುತ್ತವೆ, ಕಳ್ಳರು ಆ ತೂತಿನಿಂದ ನುಗ್ಗುತ್ತಾರೆ. ತೂತು ಮುಚ್ಚುವ ತೇಪೆಯೇ ಅಪ್‌ಡೇಟ್. 2017ರ ಮಾರ್ಚಿಯಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸಿನ ಇಂಥ ಒಂದು ತೂತಿಗೆ ತೇಪೆ ಕೊಟ್ಟಿತು. ಎರಡು ತಿಂಗಳಾದರೂ ಅದನ್ನು ಹಾಕಿಕೊಳ್ಳದವರು ಲೋಕದಲ್ಲಿ ಲಕ್ಷಾಂತರ ಇದ್ದರು. ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಎದ್ದು 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಅದು ಕಂಪ್ಯೂಟರಿನ ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಬೀಜೋಪಚಾರ ಮಾಡದೆ ಬಿತ್ತಿ, ಕಾಡಿಗೆ ರೋಗ ಬಂದ ಮೇಲೆ ಹಣೆ ಚಚ್ಚಿಕೊಂಡಂತೆ ಆಯಿತು.

ಆದಕಾರಣ ಅನೇಕ ಸರ್ವರುಗಳಲ್ಲಿ, ರಕ್ಷಣೆಗೆ ಸಂಬಂಧಪಟ್ಟ ತೇಪೆಗಳು ಯಾರೂ ಹೇಳದೆಯೇ ದಿನಕ್ಕೊಮ್ಮೆ ತಾವಾಗಿ ಹತ್ತಿಕೊಳ್ಳುವಂತೆ ಏರ್ಪಾಡು ಇರುತ್ತದೆ. ಉಬುಂಟುವಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ 7ರ ಒಳಗಿನ ಹೊತ್ತು ನಿಗದಿ. ಕ್ಲೌಡ್ ಸರ್ವರುಗಳ ಗಡಿಯಾರ ಬಹುಮಟ್ಟಿಗೆ ಲೋಕದ ಸಾಮಾನ್ಯ ವೇಳೆಯಂತೆ, ಅಂದರೆ ಇಂಗ್ಲೆಂಡಿನ ಗ್ರೀನಿಚ್ಚಿನ ವೇಳೆಯಂತೆ, ನಡೆಯುತ್ತದೆ. ನಮ್ಮ ಲೆಕ್ಕಕ್ಕೆ ಅದು ಹಗಲು 11.30ರಿಂದ 12.30.

2023ರ ಮಾರ್ಚಿ 8: ನೀರುಗಂಟಿ ಬದಲಾದ ದಿನ

ಅಮೆರಿಕದ ನ್ಯೂಯಾರ್ಕಿನಲ್ಲಿ ಡೇಟಾಡಾಗ್ ಎಂಬ ಕಂಪನಿ ಇದೆ. ಇತರರ ಸರ್ವರುಗಳು ಸರಿಯಾಗಿ ಓಡುತ್ತಿವೆಯೇ ಎಂದು ಕಾಯುವುದು ಅದರ ಕಸುಬು. ಒಂದು ತೆರದಲ್ಲಿ ಊರ ತಳವಾರನ ಕೆಲಸ. ಈ ಕೆಲಸಕ್ಕೆ ಅದು ಹತ್ತಾರು ಸಾವಿರ ಸರ್ವರುಗಳನ್ನು ಬಾಡಿಗೆಗೆ ಹಿಡಿದಿತ್ತು. ಎಲ್ಲವನ್ನೂ ಒಂದೇ ಕಡೆ ಇಟ್ಟಿರಲಿಲ್ಲ. ಮೂರು ಬೇರೆ ಬೇರೆ ಕ್ಲೌಡ್ ಕಂಪನಿಗಳಿಂದ, ಐದು ಪ್ರಾಂತಗಳಲ್ಲಿ ಹಂಚಿ ಇಟ್ಟಿತ್ತು. ಒಂದು ಕಡೆ ಬೆಂಕಿ ಬಿದ್ದರೆ, ವಿದ್ಯುತ್ ಹೋದರೆ ಮತ್ತೊಂದು ಕಡೆ ನಡೆಯಲಿ ಎಂಬ ವಿವೇಕ.

2023ರ ಮಾರ್ಚಿ 8, ಬುಧವಾರ. ನಮ್ಮ ಗಡಿಯಾರದಲ್ಲಿ ಹಗಲು 11.30 ಆದ ಕೂಡಲೆ ಐದೂ ಪ್ರಾಂತಗಳಲ್ಲಿ ಯಂತ್ರಗಳು ಸಂಪರ್ಕ ಕಳೆದುಕೊಳ್ಳತೊಡಗಿದವು. ಒಂದು ಗಂಟೆಯ ಒಳಗೆ ಅವರ ಸರ್ವರುಗಳಲ್ಲಿ ಅರ್ಧಕ್ಕೂ ಹೆಚ್ಚು ಮಾತು ನಿಲ್ಲಿಸಿದ್ದವು. ಬೆಂಕಿಯಿಲ್ಲ, ಕಳ್ಳರಿಲ್ಲ. ಕ್ಲೌಡ್ ಕಂಪನಿಗಳ ತಪ್ಪೂ ಅಲ್ಲ. ಆ ಹೊತ್ತಿನಲ್ಲಿ ಉಬುಂಟು 22.04ಕ್ಕೆ ಒಂದು ತೇಪೆ ತಾನಾಗಿ ಹತ್ತಿಕೊಂಡಿತ್ತು, ಅಷ್ಟೇ.

ಆದದ್ದೇನೆಂಬುದನ್ನು ನಮ್ಮ ಕೆರೆಯ ಭಾಷೆಯಲ್ಲಿ ಹೇಳುತ್ತೇನೆ.

ಕೆರೆಯ ತೂಬು ಎತ್ತುವವರು ನೀರುಗಂಟಿ. ಯಾವ ಕಾಲುವೆಗೆ, ಯಾವ ಗದ್ದೆಗೆ, ಎಷ್ಟು ಹೊತ್ತು ಎಂಬುದು ಅವರ ಪುಸ್ತಕದಲ್ಲಿ ಇರುತ್ತದೆ. ಲಿನಕ್ಸಿನಲ್ಲಿಯೂ ಇಂಥ ನೀರುಗಂಟಿ ಇದ್ದಾನೆ. ‘ಸಿಸ್ಟಮ್‌ಡಿ’ ಎಂಬ ದೊಡ್ಡ ಮೇಲ್ವಿಚಾರಕನ ಕೈಕೆಳಗೆ ‘ನೆಟ್‌ವರ್ಕ್‌ಡಿ’ ಎಂಬ ಹೆಸರಿನವನು. ಬಂದ ಸುದ್ದಿ ಯಾವ ದಾರಿಯಲ್ಲಿ ಹೋಗಬೇಕೆಂಬ ಪಟ್ಟಿಯನ್ನು ಅವನು ನೋಡಿಕೊಳ್ಳುತ್ತಾನೆ. ಡೇಟಾಡಾಗಿನ ಸರ್ವರುಗಳಲ್ಲಿ ಒಂದೊಂದು ಯಂತ್ರದ ಒಳಗೂ ನೂರೆಂಟು ಚಿಕ್ಕ ಕೆಲಸಗಳು ನಡೆಯುತ್ತಿದ್ದವು. ಅವುಗಳಿಗೆ ಈ ನೀರುಗಂಟಿಯ ಕಾಲುವೆಗಳು ಸಾಲದೆ, ‘ಸಿಲಿಯಂ’ ಎಂಬ ಮತ್ತೊಂದು ಏರ್ಪಾಡನ್ನು ಇಟ್ಟುಕೊಂಡಿದ್ದರು. ಅದು ತನ್ನದೇ ಮರಿಗಾಲುವೆಗಳನ್ನು ತೋಡಿಕೊಂಡಿತ್ತು. ಆದರೆ ನೀರುಗಂಟಿಯ ಪುಸ್ತಕದಲ್ಲಿ ಅವು ಇರಲಿಲ್ಲ.

ಹಳೆಯ ನೀರುಗಂಟಿಗಳು ತಮ್ಮ ಪುಸ್ತಕದಲ್ಲಿಲ್ಲದ ಕಾಲುವೆಯನ್ನು ಕಂಡರೆ ‘ಯಾರದೋ ಇರಬೇಕು’ ಎಂದು ಮುಟ್ಟದೆ ಹೋಗುತ್ತಿದ್ದರು. ಹೊಸ ಕಟ್ಟಳೆ ಬೇರೆ. ಚಾರ್ಜು ತೆಗೆದುಕೊಂಡ ಕೂಡಲೆ, ಪುಸ್ತಕದಲ್ಲಿಲ್ಲದ ಕಾಲುವೆಯನ್ನೆಲ್ಲ ಮುಚ್ಚತಕ್ಕದ್ದು ಎಂಬುದು ಅದು. ಈ ಕಟ್ಟಳೆ ಮಾರ್ಚಿ 8ರ ತೇಪೆಯಲ್ಲಿ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. ಉಬುಂಟು 22.04ರಲ್ಲಿ ಅದು ಮೊದಲಿಂದಲೇ ಇತ್ತು. ಹಾಗಾದರೆ ಅಷ್ಟು ದಿನ ಏಕೆ ತೊಂದರೆ ಆಗಲಿಲ್ಲ?

ಇಲ್ಲಿಯೇ ಸ್ವಾರಸ್ಯ. ಸರ್ವರು ಹೊಸದಾಗಿ ಶುರುವಾಗುವಾಗ, ನಸುಕಿನಲ್ಲಿ ನೀರುಗಂಟಿ ಮೊದಲು ಬಂದು ಚಾರ್ಜು ತೆಗೆದುಕೊಳ್ಳುತ್ತಾನೆ. ಆಗ ಮರಿಗಾಲುವೆಗಳು ಇನ್ನೂ ಹುಟ್ಟಿಯೇ ಇಲ್ಲ, ಮುಚ್ಚುವುದಕ್ಕೆ ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಿಲಿಯಂ ಬಂದು ತನ್ನ ಕಾಲುವೆ ತೋಡುತ್ತದೆ. ಜಗಳವೇ ಇಲ್ಲ. ಎಷ್ಟು ಸಲ ಪರೀಕ್ಷೆ ಮಾಡಿ ನೋಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಆ ದಿನ ತೇಪೆ ಹಾಕುವುದಕ್ಕೆಂದು, ಯಂತ್ರ ಓಡುತ್ತಿರುವಾಗಲೇ, ನಡು ಹಗಲಿನಲ್ಲಿ, ಹಳೆಯ ನೀರುಗಂಟಿಯನ್ನು ಇಳಿಸಿ ಹೊಸಬನನ್ನು ಕೂರಿಸಲಾಯಿತು. ಹೊಸಬ ಬಂದವನೇ ಏರಿಯ ಮೇಲೆ ನಿಂತು ನೋಡಿದ. ಪುಸ್ತಕದಲ್ಲಿಲ್ಲದ ಕಾಲುವೆಗಳು ಹರಿಯುತ್ತಿದ್ದವು. ಎಲ್ಲಕ್ಕೂ ಮಣ್ಣು ಎಳೆದುಬಿಟ್ಟ. ಅವನು ತನ್ನ ಕಟ್ಟಳೆಯಂತೆಯೇ ನಡೆದ. ಮರಿಗಾಲುವೆ ತೋಡಿದವರದೂ ತಪ್ಪೆನ್ನಲಾಗದು. ತೇಪೆಯ ಸರಕೂ ಒಳ್ಳೆಯದೇ. ಮೂರೂ ಸರಿಯಾಗಿದ್ದು, ಮೂರೂ ಕೂಡಿದ ಗಳಿಗೆ ಕೆಟ್ಟದ್ದಾಯಿತು.

ಒಂದೇ ತಳಿ, ಒಂದೇ ಗಳಿಗೆ

ಮೂರು ಕಂಪನಿಗಳಲ್ಲಿ, ಐದು ಪ್ರಾಂತಗಳಲ್ಲಿ ಹಂಚಿಟ್ಟಿದ್ದರೂ ಅದು ಕಾಪಾಡಲಿಲ್ಲವೇಕೆ? ಹೊಲಗಳು ಬೇರೆ ಬೇರೆಯಾಗಿದ್ದವು, ಬಿತ್ತಿದ ತಳಿ ಒಂದೇ ಆಗಿತ್ತು. ಕೃಷಿ ಡಿಪ್ಲೊಮಾ ಓದುವಾಗ ನಮಗೆ ಹೇಳಿಕೊಟ್ಟ ಒಂದು ಕಥೆ ಇಲ್ಲಿ ನೆನಪಾಗುತ್ತದೆ. 1970ರಲ್ಲಿ ಅಮೆರಿಕದ ಮುಸುಕಿನ ಜೋಳದ ಹೊಲಗಳಲ್ಲಿ ಎಲೆ ಅಂಗಮಾರಿ ರೋಗ ಎದ್ದಿತು. ಬೀಜ ಮಾರುವ ಕಂಪನಿಗಳು ಬೇರೆ, ಹೈಬ್ರಿಡ್ಡುಗಳ ಹೆಸರು ಬೇರೆ. ಆದರೆ ಬೀಜ ತಯಾರಿಕೆ ಸುಲಭವಾಗಲೆಂದು ಹೆಚ್ಚಿನವುಗಳಲ್ಲಿ ‘ಟೆಕ್ಸಾಸ್’ ಎಂಬ ಒಂದೇ ತಾಯಿಗುಣವನ್ನು ಸೇರಿಸಿದ್ದರು. ರೋಗಕ್ಕೆ ಆ ಗುಣವೇ ಬಾಗಿಲಾಯಿತು. ಆ ವರ್ಷ ದೇಶದ ಮುಸುಕಿನ ಜೋಳದ ಫಸಲಿನಲ್ಲಿ ಸುಮಾರು ಶೇಕಡ 15 ಹಾಳಾಯಿತು. ರಾಜ್ಯ ರಾಜ್ಯಗಳಲ್ಲಿ ಹಂಚಿ ಬಿತ್ತಿದ್ದರೂ ಪ್ರಯೋಜನವಾಗಲಿಲ್ಲ.

ಸರ್ವರಿನ ವಿಷಯದಲ್ಲಿ ತಳಿಯ ಜೊತೆಗೆ ಗಳಿಗೆಯೂ ಒಂದೇ ಆಗಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಗಂಟೆಯಲ್ಲಿ ತೇಪೆ. ಮೊದಲನೆಯ ಹತ್ತು ಯಂತ್ರ ಬಿದ್ದದ್ದನ್ನು ನೋಡಿ ಉಳಿದವನ್ನು ತಡೆಯೋಣವೆಂದರೆ ಹೊತ್ತೇ ಇರಲಿಲ್ಲ. ನಾವು ಹೊಸ ತಳಿ ಬಂದಾಗ ಏನು ಮಾಡುತ್ತೇವೆ? ಮೊದಲ ವರ್ಷ ಎರಡು ಗುಂಟೆಯಲ್ಲಿ ಹಾಕಿ ನೋಡಿ, ಮುಂದಿನ ವರ್ಷ ಅರ್ಧ ಎಕರೆ ಎನ್ನುತ್ತೇವೆ. ಪ್ರಾತ್ಯಕ್ಷಿಕೆ ತಾಕು ಮಾಡಿ ತೋರಿಸುವುದೂ ಅದಕ್ಕೇ. ಈ ಒಂದು ವಿಷಯದಲ್ಲಿ ನಮ್ಮ ಹಳ್ಳಿಯ ಒಕ್ಕಲಿಗ ನ್ಯೂಯಾರ್ಕಿನ ಎಂಜಿನಿಯರಿಗೆ ಪಾಠ ಹೇಳಬಲ್ಲ ಎಂದು ನನಗೆ ಅನ್ನಿಸುತ್ತದೆ. ಅವರು ಬುದ್ಧಿವಂತರಲ್ಲವೆಂದಲ್ಲ. ತಮ್ಮ ಉಳಿದ ಬದಲಾವಣೆಗಳನ್ನು ಅವರೂ ಸ್ವಲ್ಪ ಸ್ವಲ್ಪವಾಗಿಯೇ ಹಬ್ಬಿಸುವವರು. ಈ ತಾನಾಗಿ ಹತ್ತುವ ತೇಪೆಯ ಹಳೆಯ ಏರ್ಪಾಡೊಂದು ಮಾತ್ರ ಬೇಲಿಯ ಹೊರಗೆ ಉಳಿದುಬಿಟ್ಟಿತ್ತು.

ಬೀಗದ ಕೈ ಒಳಗೆ, ಬಾಗಿಲು ಹಾಕಿದೆ

ಮುಚ್ಚಿದ ಕಾಲುವೆಯನ್ನು ಮತ್ತೆ ತೆಗೆಯುವುದು ಸುಲಭವೆಂದು ತೋರಬಹುದು. ಆದರೆ ಮೊದಲು ಹೇಳಿದ್ದನ್ನು ನೆನೆಯಿರಿ: ರಿಪೇರಿಯವನೂ ಆ ಯಂತ್ರದೊಳಕ್ಕೆ ನೆಟ್‌ವರ್ಕಿನಿಂದಲೇ ಹೋಗಬೇಕು. ದಾರಿಯೇ ಇಲ್ಲದಾಗ ಅವನಾದರೂ ಹೇಗೆ ಹೋದಾನು? ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡಂತೆ.

ಇಂಥ ಹೊತ್ತಿಗೆ ಕ್ಲೌಡ್ ಕಂಪನಿಗಳು ಕೆಲವು ಹಿಂಬಾಗಿಲುಗಳನ್ನು ಇಟ್ಟಿರುತ್ತವೆ. ಯಂತ್ರವನ್ನು ಹೊರಗಿನಿಂದಲೇ ಆರಿಸಿ ಹೊತ್ತಿಸಬಹುದು. ಇಲ್ಲವೆ, ನೆಟ್‌ವರ್ಕಿನ ಹಂಗಿಲ್ಲದ ಪ್ರತ್ಯೇಕ ತಂತಿಯಂಥ ದಾರಿಯಿಂದ ಒಳಗೆ ಆಜ್ಞೆ ಬರೆಯಬಹುದು. ಅದೂ ಆಗದಿದ್ದರೆ, ಕೆಟ್ಟ ಯಂತ್ರದ ಡಿಸ್ಕನ್ನು ಕಳಚಿ, ಚೆನ್ನಾಗಿರುವ ಮತ್ತೊಂದು ಯಂತ್ರಕ್ಕೆ ಜೋಡಿಸಿ, ಅಲ್ಲಿ ತಿದ್ದಿ ವಾಪಸು ಹಾಕಬಹುದು. ಡೇಟಾಡಾಗಿನ ಯಂತ್ರಗಳಿಗೆ ಆರಿಸಿ ಹೊತ್ತಿಸಿದರೆ ಸಾಕಾಗಿತ್ತು. ಹೊಸದಾಗಿ ಶುರುವಾದಾಗ ನೀರುಗಂಟಿ ಮೊದಲು, ಮರಿಗಾಲುವೆ ನಂತರ ಎಂಬ ಸರಿಯಾದ ಕ್ರಮ ತಾನಾಗಿ ಬಂದುಬಿಡುತ್ತದಲ್ಲವೇ!

ಆದರೆ ಒಂದು ಕ್ಲೌಡಿನಲ್ಲಿ, ಅವರು ಕೈ ಹಾಕುವ ಮೊದಲೇ ಬೇರೆಯದು ನಡೆದುಹೋಗಿತ್ತು. ಉತ್ತರ ಕೊಡದ ಯಂತ್ರ ಸತ್ತಿತೆಂದು ತಿಳಿದು, ಅದನ್ನು ತೆಗೆದುಹಾಕಿ ಹೊಸದನ್ನು ನಿಲ್ಲಿಸುವ ಏರ್ಪಾಡು ಅಲ್ಲಿತ್ತು. ಬಾಡಿದ ಪೈರಿಗೆ ನೀರು ಕೊಟ್ಟು ಎಬ್ಬಿಸುವುದು ಒಂದು ಬಗೆ. ಕಿತ್ತೆಸೆದು ಹೊಸ ಸಸಿ ನೆಡುವುದು ಇನ್ನೊಂದು. ಹೊಸ ಯಂತ್ರ ಬೇಗ ಓಡಿತು, ನಿಜ. ಆದರೆ ಹಳೆಯದರ ಒಳಡಿಸ್ಕಿನಲ್ಲಿದ್ದ ಸರಕು ಅದರ ಜೊತೆಗೇ ಹೋಯಿತು, ಅದನ್ನು ಬೇರೆ ಕಡೆಯಿಂದ ಮತ್ತೆ ಕೂಡಿಸಬೇಕಾಯಿತು. ನಿಧಾನವಾಗಿ ಎದ್ದ ಕ್ಲೌಡುಗಳಲ್ಲಿ ಒಳಗಿದ್ದದ್ದು ಉಳಿದಿತ್ತು. ಯಾವುದು ಮೇಲು ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ನನ್ನ ಮಟ್ಟಿಗೆ, ಕೀಳುವ ಕೆಲಸವನ್ನು ತಾನಾಗಿ ನಡೆಯುವ ಏರ್ಪಾಡಿಗೆ ಪೂರ್ತಿ ಬಿಟ್ಟುಕೊಡುವುದು ಅಪಾಯ.

ಮತ್ತೊಂದು ತೊಡಕನ್ನು ನೀವು ಕೂಡಲೆ ಅರ್ಥ ಮಾಡಿಕೊಳ್ಳುತ್ತೀರಿ. ಹೋಗಿದ್ದ ಕರೆಂಟು ಬಂದಾಗ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಮೋಟರು ಎತ್ತುತ್ತವೆ. ಆಗ ಟಿ.ಸಿ. ಏನಾಗುತ್ತದೆ? ಸಾವಿರಾರು ಸರ್ವರುಗಳು ಏಕಕಾಲಕ್ಕೆ ಎದ್ದು ‘ನನಗೆ ಲೆಕ್ಕ ಕೊಡಿ, ನನಗೆ ದಾರಿ ಕೊಡಿ’ ಎಂದಾಗಲೂ ಹಾಗೆಯೇ. ಆದ್ದರಿಂದ ಸರದಿಯಲ್ಲಿ ಎಬ್ಬಿಸಬೇಕಾಗುತ್ತದೆ. ಕಾಲುವೆ ಮುಚ್ಚಿದ್ದು ಒಂದು ಗಂಟೆಯಲ್ಲಿ. ಸೇವೆಗಳೆಲ್ಲ ಸರಿಯಾಗಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಕಂಪನಿಗೆ ಸುಮಾರು 50 ಲಕ್ಷ ಡಾಲರ್ ವರಮಾನ ಖೋತಾ ಆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಇವರ ಕಾವಲನ್ನು ನಂಬಿದ್ದವರೆಲ್ಲ ಆ ಹೊತ್ತು ಕಣ್ಣಿಲ್ಲದಂತಾದರು.

ಆ ಮೇಲೆ ಅವರು ಎರಡು ಕೆಲಸ ಮಾಡಿದರು. ನಿನ್ನ ಪುಸ್ತಕದಲ್ಲಿಲ್ಲದ ಕಾಲುವೆಯನ್ನು ಮುಟ್ಟಬೇಡ ಎಂದು ನೀರುಗಂಟಿಗೆ ಲಿಖಿತ ಆಜ್ಞೆ ಕೊಟ್ಟರು. ತಾನಾಗಿ ಹತ್ತುವ ಆ ಹಳೆಯ ಏರ್ಪಾಡನ್ನು ನಿಲ್ಲಿಸಿ, ತೇಪೆಗಳೂ ಹಂತ ಹಂತವಾಗಿಯೇ ಹೋಗುವಂತೆ ಮಾಡಿದರು. ನಡೆದದ್ದನ್ನು ಮುಚ್ಚಿಡದೆ ವಿವರವಾಗಿ ಬರೆದು ಎಲ್ಲರಿಗೂ ಹಂಚಿದರು. ನಾವು ಈ ಪಾಠ ಓದುತ್ತಿರುವುದು ಅದರಿಂದಲೇ.

ದಾರಿ ಇದೆ, ವಿಳಾಸ ಗೊತ್ತಿಲ್ಲ

ಇದಕ್ಕಿಂತ ಸುಮಾರು ಆರು ತಿಂಗಳು ಹಿಂದೆ, 2022ರ ಆಗಸ್ಟ್ 30ರಂದು, ಇಂಥದೇ ಇನ್ನೊಂದು ನಡೆದಿತ್ತು. ಅದೂ ಹಗಲು 11.30ರ ಗಳಿಗೆಯಲ್ಲೇ. ಮೈಕ್ರೋಸಾಫ್ಟಿನ ‘ಅಜೂರ್’ ಕ್ಲೌಡಿನಲ್ಲಿ ಉಬುಂಟು 18.04 ಎಂಬ ಹಳೆಯ ತಳಿಯ ಯಂತ್ರಗಳಿಗೆ ಸಿಸ್ಟಮ್‌ಡಿಯ ತೇಪೆ ಹತ್ತಿಕೊಂಡಿತು. ಅಲ್ಲಿ ಕೆಟ್ಟದ್ದು ಬೇರೆ. ನಾವು ಫೋನಿನಲ್ಲಿ ಹೆಸರು ಒತ್ತಿದರೆ ಅದು ಸಂಖ್ಯೆ ಹುಡುಕಿ ಕರೆ ಹಚ್ಚುವಂತೆ, ಕಂಪ್ಯೂಟರುಗಳೂ ಹೆಸರು ಕೇಳಿ ಸಂಖ್ಯೆ ತಿಳಿಸುವ ‘ಡಿ.ಎನ್.ಎಸ್.’ ಎಂಬ ವಿಚಾರಣಾ ಕಚೇರಿಯನ್ನು ನಂಬಿರುತ್ತವೆ. ತೇಪೆಯ ನಂತರ ಆ ಕಚೇರಿ ಎಲ್ಲಿದೆಯೆಂಬುದೇ ಯಂತ್ರಗಳಿಗೆ ಮರೆತುಹೋಯಿತು. ದಾರಿ ಸರಿಯಿದೆ, ಟಪಾಲೂ ಸಿದ್ಧವಿದೆ, ಯಾವ ಮನೆಗೆಂದು ಹೇಳುವವರಿಲ್ಲ. ಅಲ್ಲಿಯೂ ಯಂತ್ರವನ್ನು ಆರಿಸಿ ಹೊತ್ತಿಸುವುದೇ ಸುಲಭದ ಮದ್ದಾಯಿತು.

2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟಿದ ಮೇಲೆ ವಾಟ್ಸಾಪ್ ನಿಂತುಹೋದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಅದು ಅಪ್‌ಡೇಟಿನಿಂದಲ್ಲ, ಫೇಸ್‌ಬುಕ್ ಕಂಪನಿಯವರು ದುರಸ್ತಿಯ ನಡುವೆ ಕೊಟ್ಟ ಒಂದು ಆಜ್ಞೆಯಿಂದ ಆದದ್ದು. ಆದರೆ ದಾರಿ ಮುಚ್ಚಿದ ಬಗೆ ಇದೇ ಜಾತಿಯದು. ಎಂಜಿನಿಯರುಗಳು ಯಂತ್ರವಿರುವ ಕಟ್ಟಡಕ್ಕೇ ಹೋಗಿ ಕೈಯಾರೆ ಸರಿ ಮಾಡಬೇಕಾಯಿತು. ಸುಮಾರು ಆರು ಗಂಟೆ ಹಿಡಿಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿಯ ಒಂದು ಕಡತ 78 ನಿಮಿಷ ಹರಿದಾಡಿದ್ದಕ್ಕೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿ ಕೊಟ್ಟು ವಿಮಾನ ಹತ್ತಿಸಿದರು. ಕಾಗದ ಮತ್ತು ಪೆನ್ನು ಇಟ್ಟುಕೊಂಡಿದ್ದವರ ಕೆಲಸ ಪೂರ್ತಿ ನಿಲ್ಲಲಿಲ್ಲವೆಂಬುದನ್ನು ಗಮನಿಸಿರಿ.

ನಮ್ಮ ಹಳ್ಳಿಗಳಲ್ಲಿ

ಸೇವಾ ಕೇಂದ್ರದಲ್ಲಿ ‘ಸರ್ವರ್ ಇಲ್ಲ’ ಎಂದರೆ, ಕೆಟ್ಟದ್ದು ಯಾವ ಕಡೆ ಎಂದು ಮೊದಲು ವಿಚಾರಿಸಿರಿ. “ಅಪ್ಪಾ, ಬೇರೆ ಏನಾದರೂ ತೆರೆಯುತ್ತದೆಯೇ ನೋಡು” ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬೇರೆ ಪುಟಗಳೂ ತೆರೆಯದಿದ್ದರೆ ಆ ಕೇಂದ್ರದ ಇಂಟರ್ನೆಟ್ಟೇ ಹೋಗಿದೆ, ಪಕ್ಕದ ಊರಿನ ಕೇಂದ್ರದಲ್ಲಿ ಕೆಲಸ ಆಗಬಹುದು. ಫೋನು ಮಾಡಿ ಕೇಳಿ ಹೋಗಿರಿ. ಉಳಿದದ್ದೆಲ್ಲ ತೆರೆದು ಅದೊಂದೇ ತೆರೆಯದಿದ್ದರೆ ತೊಂದರೆ ಅತ್ತ ಕಡೆಯದು. ಆಗ ಊರೂರು ಸುತ್ತಿ ಬಸ್ಸಿನ ಕಾಸು ಕಳೆಯುವುದರಿಂದ ಫಲವಿಲ್ಲ.

ವಿಮೆಗೋ ಬೇರೆ ಯಾವುದಕ್ಕೋ ಹಣ ಕಟ್ಟುವಾಗ ಸಂಪರ್ಕ ಹೋಗಿ, ಖಾತೆಯಿಂದ ಹಣ ಕಳೆದು ರಸೀತಿ ಬಾರದಿದ್ದರೆ, ಗಾಬರಿಯಿಂದ ಕೂಡಲೆ ಎರಡನೆಯ ಸಲ ಕಟ್ಟಬೇಡಿರಿ. ದಿನ, ವೇಳೆ, ಮೊತ್ತ ಮತ್ತು ಫೋನಿನಲ್ಲಿ ಬಂದ ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ರಿಸರ್ವ್ ಬ್ಯಾಂಕು 2019ರಲ್ಲಿ ಮಾಡಿದ ನಿಯಮದಂತೆ, ಯು.ಪಿ.ಐ. ಮೂಲಕ ಅಂಗಡಿಗೋ ಸಂಸ್ಥೆಗೋ ಕಟ್ಟಿದ ಹಣ ಖಾತೆಯಿಂದ ಕಳೆದು, ಅತ್ತ ದೃಢೀಕರಣ ಆಗದಿದ್ದರೆ, ವಹಿವಾಟಿನ ದಿನ ಬಿಟ್ಟು 5 ದಿನಗಳೊಳಗೆ ಅದು ತಾನಾಗಿ ವಾಪಸು ಬರತಕ್ಕದ್ದು. ಅದಕ್ಕೂ ತಡವಾದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಬಹು ಮಂದಿಗೆ ಇದು ತಿಳಿಯದು. ವಿಮೆಯ ಕೊನೆಯ ತಾರೀಖಿಗೆ ಐದಾರು ದಿನ ಇರುವಾಗಲೇ ಕಟ್ಟಿದರೆ ಈ ನಿಯಮ ಉಪಯೋಗಕ್ಕೆ ಬರುತ್ತದೆ. ಕೊನೆಯ ದಿನದ ಸಂಜೆ ಹೋದವರಿಗೆ ಹಣ ವಾಪಸು ಬಂದೀತು, ವಿಮೆ ಬಾರದು. ಹಂಗಾಮಿನ ಆರಂಭದಲ್ಲೇ ಪಹಣಿಯ ಒಂದು ಪ್ರತಿ ತೆಗೆಸಿ ಮನೆಯಲ್ಲಿ ಇಟ್ಟಿರುವುದೂ ಒಳ್ಳೆಯದು.

ಮೊಬೈಲ್ ಸ್ಟಾರ್ಟರ್ ಹಾಕಿಸಿದ ರೈತರು, ಸಿಗ್ನಲ್ ಇಲ್ಲದಾಗಲೂ ಕೈಯಿಂದ ಮೋಟರು ಹಾಕಿ ಆರಿಸಲು ಬರುತ್ತದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಹೊಸದಾಗಿ ಕೊಳ್ಳುವವರು, ಬಾವಿ ಬತ್ತಿದಾಗ ಮೋಟರು ನಿಲ್ಲಿಸುವ ಕೆಲಸ ಪೆಟ್ಟಿಗೆಯಲ್ಲೇ ಆಗುತ್ತದೆಯೋ ಅಥವಾ ದೂರದ ಸರ್ವರು ಹೇಳಬೇಕೋ ಎಂದು ಅಂಗಡಿಯವರನ್ನು ಕೇಳಿಯೇ ಹಣ ಕೊಡಿರಿ. ಎರಡನೆಯ ಬಗೆಯದು ನನಗೆ ಒಪ್ಪಿಗೆಯಿಲ್ಲ.

ಇನ್ನು ಹಾಲಿನ ಸಂಘಗಳ ಕಾರ್ಯದರ್ಶಿಗಳಿಗೆ. ಹಾಲು ಅಳೆಯುವ ಹೊತ್ತಿನಲ್ಲಿ ಕಂಪ್ಯೂಟರು ‘ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ’ ಎಂದು ಕೂತರೆ ಕ್ಯಾನು ಹಿಡಿದು ನಿಂತವರ ಗತಿಯೇನು? ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ‘ಆಕ್ಟಿವ್ ಅವರ್ಸ್’ ಎಂಬ ಜಾಗದಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 9ರ ತನಕ ಎಂದು ಗುರುತು ಮಾಡಿದರೆ, ಆ ಹೊತ್ತಿನಲ್ಲಿ ಅದು ತಾನಾಗಿ ಆರಿ ಹೊತ್ತುವುದಿಲ್ಲ. ಎರಡು ಕಂಪ್ಯೂಟರು ಇರುವ ಸಂಘದಲ್ಲಿ ಒಂದಕ್ಕೆ ಮೊದಲು ಅಪ್‌ಡೇಟ್ ಹಾಕಿ, ಎರಡು ಹೊತ್ತಿನ ಹಾಲು ಅಳೆದು, ಚೀಟಿ ಸರಿಯಾಗಿ ಬಂತೇ, ಒಕ್ಕೂಟಕ್ಕೆ ಲೆಕ್ಕ ಹೋಯಿತೇ ಎಂದು ನೋಡಿ, ಆ ಮೇಲೆ ಇನ್ನೊಂದಕ್ಕೆ ಹಾಕತಕ್ಕದ್ದು. ಒಂದೇ ಇರುವ ಸಂಘದಲ್ಲಿ ಸಂಜೆಯ ಹಾಲು ಮುಗಿದ ಮೇಲೆ ಹಾಕಿ, ಕಣ್ಣೆದುರಿಗೇ ಒಂದು ಸಲ ಆರಿಸಿ ಹೊತ್ತಿಸಿ, ಇಂಟರ್ನೆಟ್ ಬಂದದ್ದನ್ನು ನೋಡಿಯೇ ಮನೆಗೆ ಹೋಗಬೇಕು. ಲೆಕ್ಕದ ಪುಸ್ತಕ ಮತ್ತು ಪೆನ್ನು ಮೇಜಿನ ಮೇಲೆ ಇದ್ದೇ ಇರಲಿ.

ಈ ಏರ್ಪಾಡನ್ನು ಮಾಡಿ ತೋರಿಸಲು ಮುಂದಿನ ತಿಂಗಳು ನಾನು ನಮ್ಮ ವೃತ್ತದ ಹಾಲಿನ ಸಂಘಗಳಿಗೆ ಸಂಜೆಯ ಹಾಲು ಮುಗಿಯುವ ಹೊತ್ತಿಗೆ ಬರುತ್ತೇನೆ. ದಿನವನ್ನು ಸಂಘದ ಹಲಗೆಯ ಮೇಲೆ ಬರೆಸಲಾಗುವುದು. ಕಂಪ್ಯೂಟರಿನ ಪಾಸ್‌ವರ್ಡ್ ತಿಳಿದವರು ದಯವಿಟ್ಟು ಆ ಹೊತ್ತಿಗೆ ಹಾಜರಿರಬೇಕು.